ಚೀಲದಲ್ಲಿ ಮಗಳ ಹೆಸರಿನ ಕಾಗದ ಎಷ್ಟಿದೆ?

ವಿಕಲಚೇತನ ಮಕ್ಕಳಿಗೆ ತಮ್ಮ ನಂತರ ಏನು ವ್ಯವಸ್ಥೆ ಅಂತ ಕೇಳಿಕೊಂಡು, ಆಸ್ತಿಯ ಕಾಗದ ಮಾಡಿಸಲು ನನ್ನ ಆಫೀಸಿಗೆ ಬರುವ ವಯಸ್ಸಾದ ತಂದೆತಾಯಿ ಸಾಮಾನ್ಯವಾಗಿ ಒಂದು ಬಟ್ಟೆ ಚೀಲ ಹಿಡಿದು ಬರುತ್ತಾರೆ. ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಎಲ್‌ಐಸಿ ಬಾಂಡು, ಎಫ್‌ಡಿ ರಸೀದಿ ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇರುತ್ತವೆ. ಆ ದಿನ ಬಂದ ದಂಪತಿಯೂ ಹಾಗೇ ಬಂದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಅವರ ಕಥೆ ಹೇಳುತ್ತೇನೆ. ಯಜಮಾನರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಶಿವಮೊಗ್ಗದ ವಿನೋಬನಗರದಲ್ಲಿ ಸ್ವಂತ ಮನೆ, ಮೇಲ್ಗಡೆ ಎರಡು ಬಾಡಿಗೆ ಮನೆ, ಊರಾಚೆ ಒಂದು ಮೂವತ್ತು ನಲವತ್ತರ ಸೈಟು. ಇಬ್ಬರು ಮಕ್ಕಳು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮಗಳಿಗೆ 31 ವರ್ಷ. ಅವಳಿಗೆ ಡೌನ್ ಸಿಂಡ್ರೋಮ್ ಇದೆ.

“ಮನೇನ ಮಗನ ಹೆಸರಿಗೆ ದಾನಪತ್ರ ಮಾಡಿಬಿಡೋಣ ಅಂತ ಇದ್ದೀವಿ ಮೇಡಮ್. ತಂಗೀನ ಅವನೇ ನೋಡ್ಕೊಳ್ತಾನೆ” ಎಂದರು.

ನಾನು ಚೀಲದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಇದರಲ್ಲಿ ಮಗಳ ಹೆಸರಿರುವ ಕಾಗದ ಯಾವುದು ಅಂತ ಕೇಳಿದೆ. ಸಿಕ್ಕಿದ್ದು ರೇಷನ್ ಕಾರ್ಡು ಮತ್ತು ಆಧಾರ್, ಅಷ್ಟೇ. ಅಂಗವಿಕಲತೆಯ ಸರ್ಟಿಫಿಕೇಟನ್ನೇ ಮಾಡಿಸಿರಲಿಲ್ಲ. “ಮಗನ ಮದುವೆ ಆಗೋವರೆಗೂ ಬೇಡ ಅಂತ ಸುಮ್ನಿದ್ವಿ. ಆಮೇಲೆ ಹಾಗೇ ಬಿಟ್ಟುಹೋಯ್ತು” ಎಂದರು ತಾಯಿ.

ಇಂಥ ಮಾತನ್ನು ನಾನು ಎಷ್ಟೋ ಮನೆಗಳವರಿಂದ ಕೇಳಿದ್ದೇನೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕಾಗದದಲ್ಲಿ ಇಲ್ಲದ ಮಗಳು ಸರ್ಕಾರಕ್ಕೂ ಇಲ್ಲ, ಬ್ಯಾಂಕಿಗೂ ಇಲ್ಲ, ನಾಳೆ ಆಸ್ತಿ ಪಾಲಾಗುವಾಗಲೂ ಇಲ್ಲ. ಹಾಗಾಗಿ ಆಸ್ತಿಯ ಮಾತನ್ನು ಪಕ್ಕಕ್ಕಿಟ್ಟು, ಮೊದಲು ಅಂಗವಿಕಲರ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ, ಅರ್ಜಿ ಹಾಕಿಸಿದೆ. ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆ ಆಗಿ ವಿಕಲತೆ ಶೇಕಡಾ ಎಷ್ಟು ಅಂತ ನಮೂದಾಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40 ಇರಬೇಕು. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಜನ ವಿಆರ್‌ಡಬ್ಲ್ಯೂ ಅಂತ ಕರೆಯುತ್ತಾರೆ. ಅವರನ್ನು ಹಿಡಿದರೆ ಅರ್ಧ ಓಡಾಟ ಉಳಿಯುತ್ತದೆ. ಬಡ ಕುಟುಂಬಗಳು ನಾಡಕಚೇರಿಯಲ್ಲಿ ಅಂಗವಿಕಲ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಆದಾಯದ ಮಿತಿ ಇದೆ, ಮೊತ್ತವೂ ವಿಕಲತೆಯ ಪ್ರಮಾಣದ ಮೇಲೆ ನಿಲ್ಲುತ್ತದೆ.

ಈಗ ದಾನಪತ್ರದ ವಿಷಯ. ಮಗ ಒಳ್ಳೆಯವನೇ ಇರಬಹುದು, ನನಗೆ ಅವನ ಬಗ್ಗೆ ಅನುಮಾನವಿಲ್ಲ. ಆದರೆ ದಾನಪತ್ರ ನೋಂದಣಿ ಆದ ದಿನದಿಂದ ಮನೆ ಪೂರ್ತಿ ಅವನದು. ಅವನ ಸಾಲಕ್ಕೆ ಮನೆ ಸಿಕ್ಕಿಕೊಳ್ಳಬಹುದು. ಅವನಿಗೇ ಏನಾದರೂ ಹೆಚ್ಚುಕಡಿಮೆ ಆದರೆ ಮನೆ ಅವನ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ನಾದಿನಿಯನ್ನು ನೋಡಿಕೊಳ್ಳಲೇಬೇಕು ಅಂತ ಆ ಹೆಣ್ಣುಮಗಳನ್ನು ಕಟ್ಟಿಹಾಕುವ ಕಾಗದ ಎಲ್ಲೂ ಇರುವುದಿಲ್ಲ.

ಇಲ್ಲಿ ಬಹಳ ಜನ ಒಂದು ತಪ್ಪು ತಿಳಿದುಕೊಂಡಿದ್ದಾರೆ. “ನೋಡ್ಕೊಳ್ಳದೇ ಇದ್ರೆ ದಾನಪತ್ರ ರದ್ದು ಮಾಡಿಸಬಹುದಂತಲ್ಲ?” ಎನ್ನುತ್ತಾರೆ. ಅವರು ಹೇಳುವುದು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಬಗ್ಗೆ. ಆಸ್ತಿ ಬರೆದುಕೊಟ್ಟ ಹಿರಿಯರನ್ನು ನೋಡಿಕೊಳ್ಳಬೇಕು ಎಂಬ ಷರತ್ತಿದ್ದು, ಮಕ್ಕಳು ಅದಕ್ಕೆ ತಪ್ಪಿದರೆ ಆ ಪತ್ರ ರದ್ದಾಗಬಹುದು, ನಿಜ. ಆದರೆ ಅದು ಬರೆದುಕೊಟ್ಟವರ ರಕ್ಷಣೆಗೆ ಇರುವ ಕಾನೂನು. ಅಪ್ಪ ಅಮ್ಮ ತೀರಿಹೋದ ಮೇಲೆ ತಂಗಿಯನ್ನು ನೋಡಿಕೊಳ್ಳಲಿಲ್ಲ ಅಂತ ಅದೇ ಸೆಕ್ಷನ್ ಹಿಡಿದು ಹೋಗಲು ಬರುವುದಿಲ್ಲ.

ಇದನ್ನು ಕೇಳಿದ ಕೂಡಲೇ ಯಜಮಾನರು ಮಾತು ತಿರುಗಿಸಿದರು. “ಹಾಗಾದ್ರೆ ಎಲ್ಲಾನೂ ಮಗಳ ಹೆಸರಿಗೇ ಬರೀತೀನಿ ಬಿಡಿ.”

ಕಾನೂನು ಅದಕ್ಕೆ ಅಡ್ಡ ಬರುವುದಿಲ್ಲ. ರೋಗ, ಊನ ಇದೆ ಎಂಬ ಕಾರಣಕ್ಕೆ ಯಾರಿಗೂ ವಾರಸಿನ ಹಕ್ಕು ತಪ್ಪುವುದಿಲ್ಲ ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕೂ ಮುಂಚೆ ಹುಟ್ಟಿನಿಂದ ಬುದ್ಧಿ ಬೆಳೆಯದವರಿಗೆ ಪಾಲಿಲ್ಲ ಎಂಬ ನಿಯಮವಿತ್ತು. ಅದು ಹೋಗಿ ಎಷ್ಟು ವರ್ಷವಾಯಿತು! ಆದರೂ ನಮ್ಮ ಹಳ್ಳಿಗಳಲ್ಲಿ ವಂಶವೃಕ್ಷ ಮಾಡಿಸುವಾಗ ಇಂಥ ಮಗಳ ಹೆಸರನ್ನು ಬಿಟ್ಟುಬಿಡುವುದನ್ನು ನಾನು ಇವತ್ತಿಗೂ ನೋಡುತ್ತೇನೆ. “ಅವಳಿಗೇನು ಗೊತ್ತಾಗುತ್ತೆ ಬಿಡಿ” ಎನ್ನುತ್ತಾರೆ. ಇಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಏನು ಬರೆದಿದೆ ಅಂತ ತಿಳಿಯುವ ಶಕ್ತಿ ಇಲ್ಲದವರಿಂದ ಒತ್ತಿಸಿಕೊಂಡ ಹೆಬ್ಬೆಟ್ಟಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಪಿತ್ರಾರ್ಜಿತ ಜಮೀನಿನಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ 2005ರ ತಿದ್ದುಪಡಿ ಹೇಳಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿದೆ. ಅವಳನ್ನು ಬಿಟ್ಟು ಮಾಡಿದ ಪಾಲುಪಟ್ಟಿ ಯಾವತ್ತಾದರೂ ಕೋರ್ಟಿನಲ್ಲಿ ಬಿದ್ದುಹೋಗಬಹುದು. ಅದನ್ನು ನಂಬಿ ಜಮೀನು ಕೊಂಡವರೂ ಜೊತೆಗೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಅಂದರೆ ಹಕ್ಕು ಖಂಡಿತ ಇದೆ. ಆದರೆ ಮನೆಯನ್ನೆಲ್ಲ ನೇರವಾಗಿ ಅವಳ ಹೆಸರಿಗೆ ಬರೆದರೆ ಬೇರೆ ತೊಡಕು. ಬಾಡಿಗೆ ಕರಾರಿಗೆ ಅವಳು ಸಹಿ ಹಾಕುವ ಹಾಗಿಲ್ಲ. ರಿಪೇರಿಗೆ ಸಾಲ ತೆಗೆಯಲು ಆಗುವುದಿಲ್ಲ. ಮಾರುವ ಸಂದರ್ಭ ಬಂದರೆ ಕೋರ್ಟಿನ ಅನುಮತಿ ಹಿಡಿಯಬೇಕಾಗುತ್ತದೆ. ವಿಲ್ ಅರ್ಥ ಮಾಡಿಕೊಂಡು ಬರೆಯುವ ಶಕ್ತಿ ಅವಳಿಗೆ ಇಲ್ಲದಿದ್ದರೆ, ಅವಳ ಕಾಲದ ನಂತರ ಮನೆ ಯಾರಿಗೆ ಎಂಬುದನ್ನು ವಾರಸಿನ ಕಾನೂನೇ ತೀರ್ಮಾನ ಮಾಡುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಅದನ್ನು ಯಜಮಾನರು ಯೋಚಿಸಿಯೇ ಇರಲಿಲ್ಲ. ಅವರ ಪೆನ್ಷನ್.

ಕೇಂದ್ರ ಸರ್ಕಾರಿ ಪಿಂಚಣಿದಾರರು ತೀರಿಹೋದರೆ ಕುಟುಂಬ ಪಿಂಚಣಿ ಮೊದಲು ಹೆಂಡತಿಗೋ ಗಂಡನಿಗೋ ಹೋಗುತ್ತದೆ. ಆಮೇಲೆ 25 ವರ್ಷದೊಳಗಿನ ಮಕ್ಕಳಿಗೆ. ಅದಾದ ಮೇಲೆ, ಸ್ವಂತ ದುಡಿಮೆಯಿಂದ ಬದುಕಲು ಆಗದ ವಿಕಲಚೇತನ ಮಗ ಅಥವಾ ಮಗಳಿಗೆ ಜೀವನಪೂರ್ತಿ. ಜೀವನಪೂರ್ತಿ ಎಂಬ ಮಾತನ್ನು ನಾನು ಒತ್ತಿ ಹೇಳುತ್ತೇನೆ. ತಿಂಗಳು ತಿಂಗಳು ಬರುವ, ತುಟ್ಟಿ ಪರಿಹಾರದ ಜೊತೆ ಏರುವ ಇಂಥ ಹಣವನ್ನು ಯಾವ ಸೈಟೂ ಕೊಡುವುದಿಲ್ಲ. ಅನೇಕ ಮನೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಆಸ್ತಿ. ಚೀಲದಲ್ಲಿ ಮಾತ್ರ ಇದರ ಕಾಗದ ಇರುವುದಿಲ್ಲ.

ಇದಕ್ಕೂ ಆದಾಯದ ಮಿತಿ ಇದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಅದನ್ನು ಸಡಿಲಿಸಿತು. ಮಗಳಿಗೆ ಬೇರೆ ಮೂಲದಿಂದ ಬರುವ ಆದಾಯ, ತಂದೆಯ ಕೊನೆಯ ಮೂಲ ವೇತನದ ಶೇ 30 ಮತ್ತು ಅದರ ಮೇಲಿನ ತುಟ್ಟಿ ಪರಿಹಾರ ಸೇರಿ ಎಷ್ಟಾಗುತ್ತದೋ ಅದಕ್ಕಿಂತ ಕಡಿಮೆ ಇರಬೇಕು. ಕೊನೆಯ ಮೂಲ ವೇತನ ₹50,000 ಇತ್ತು ಅಂದುಕೊಳ್ಳಿ. ಶೇ 30 ಅಂದರೆ ₹15,000. ಅದರ ಮೇಲೆ ಆಗಿನ ತುಟ್ಟಿ ಪರಿಹಾರ. ಈಗ ಅವಳ ಹೆಸರಿಗೆ ಎರಡು ಬಾಡಿಗೆ ಮನೆ ಬರೆದು, ತಿಂಗಳಿಗೆ ₹30,000 ಬಾಡಿಗೆ ಬರತೊಡಗಿದರೆ ಏನಾಗುತ್ತದೆ? ಮಿತಿ ದಾಟುವ ಸಾಧ್ಯತೆಯೇ ಜಾಸ್ತಿ. ಪ್ರೀತಿಯಿಂದ ಬರೆದ ಒಂದು ದಾನಪತ್ರ ಜೀವನಪೂರ್ತಿಯ ಪಿಂಚಣಿಯನ್ನು ತಪ್ಪಿಸಿಬಿಡುತ್ತದೆ. ಆಸ್ತಿ ಬರೆಯುವ ಮೊದಲು ಈ ಲೆಕ್ಕ ಮಾಡಲೇಬೇಕು ಅಂತ ನಾನು ಹಟ ಹಿಡಿಯುವುದು ಅದಕ್ಕೇ.

ಮಗಳ ಹೆಸರನ್ನು ತಂದೆ ಬದುಕಿರುವಾಗಲೇ ಪಿಂಚಣಿ ಪಾವತಿ ಆದೇಶಕ್ಕೆ, ಅಂದರೆ ಪಿಪಿಒಗೆ, ಸೇರಿಸಬಹುದು. ಸರ್ಕಾರಿ ಆಸ್ಪತ್ರೆಯ ಸರ್ಟಿಫಿಕೇಟಿನಲ್ಲಿ ವಿಕಲತೆ ಶಾಶ್ವತ ಎಂದಿದ್ದರೆ ಮತ್ತೆ ಮತ್ತೆ ತಪಾಸಣೆ ಬೇಕಿಲ್ಲ. ತಾತ್ಕಾಲಿಕ ಎಂದಿದ್ದರೆ ಐದು ವರ್ಷಕ್ಕೊಮ್ಮೆ ಹೊಸದು ಕೊಡಬೇಕು. ಬೌದ್ಧಿಕ ವಿಕಲತೆ ಇರುವ ಮಗಳ ಪರವಾಗಿ ಹಣ ಯಾರು ಪಡೆಯಬೇಕು ಅಂತ ಪಿಂಚಣಿದಾರರೇ ಹೆಸರು ಸೂಚಿಸಬಹುದು. ಇದೆಲ್ಲ ತಂದೆ ಬದುಕಿದ್ದಾಗ ಕೆಲವು ಅರ್ಜಿಗಳ ಕೆಲಸ. ಅವರು ಹೋದ ಮೇಲಾದರೆ ವರ್ಷಗಟ್ಟಲೆ ಅಲೆದಾಟ. ತಾಯಿ ತೀರಿಕೊಂಡ ಮೇಲೆ ಅಣ್ಣನೊಬ್ಬ ತಮ್ಮನಿಗಾಗಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು, ಪ್ರತಿ ಸಲವೂ ಹೊಸ ಕಾಗದ ಕೇಳಿಸಿಕೊಂಡು ಬಂದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ರಾಜ್ಯ ಸರ್ಕಾರಿ ನೌಕರರಲ್ಲಿ 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿದವರು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಯಲ್ಲಿದ್ದಾರೆ. ಹಳೆಯವರಿಗೆ ಹೇಳಿದ್ದು ತಮಗೂ ಅನ್ವಯಿಸುತ್ತದೆ ಅಂತ ಅವರು ಕೂರಬಾರದು. ತಮ್ಮ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿಯಬೇಕು. ಖಾಸಗಿ ಕೆಲಸದವರಿಗೂ ಒಂದು ಮಾತು. ನಿಮಗೆ ಪಿಎಫ್ ಜೊತೆ 1995ರ ಪಿಂಚಣಿ ಯೋಜನೆ ಇದ್ದರೆ, ಪೂರ್ತಿ ಶಾಶ್ವತ ವಿಕಲತೆ ಇರುವ ಮಗುವಿಗೆ ಸಿಗುವ ಪಿಂಚಣಿಗೆ 25 ವರ್ಷದ ಮಿತಿ ಇಲ್ಲ. ಮೊತ್ತ ಸಣ್ಣದೇ. ಆದರೂ ಅದು ಮಗುವಿನ ಹಕ್ಕು, ಬಿಡಬೇಡಿ.

ಇನ್ನು ಗಾರ್ಡಿಯನ್ ವಿಷಯ. ಮಗುವಿಗೆ 18 ತುಂಬಿದ ದಿನ, ತಂದೆತಾಯಿಯ ಸಹಜ ಪಾಲಕತ್ವ ಕಾನೂನಿನ ಪ್ರಕಾರ ಮುಗಿಯುತ್ತದೆ. 31 ವರ್ಷದ ಮಗಳಿಗೆ ತಾನು ತಾಯಿ, ಆದರೆ ಬ್ಯಾಂಕಿನಲ್ಲಿ ಅವಳ ಪರವಾಗಿ ಸಹಿ ಹಾಕುವ ಹಾಗಿಲ್ಲ ಅಂದರೆ ಆ ತಾಯಿಗೆ ಹೇಗಾಗಬೇಡ? ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಕಲತೆ, ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ದಾರಿಯಿದೆ. ಡೌನ್ ಸಿಂಡ್ರೋಮ್ ಇರುವವರು ಬೌದ್ಧಿಕ ವಿಕಲತೆಯ ಅಡಿ ಬರುತ್ತಾರೆ. ಜಿಲ್ಲಾಧಿಕಾರಿ ಮಟ್ಟದಲ್ಲಿ ಸ್ಥಳೀಯ ಸಮಿತಿ ಇರುತ್ತದೆ. ಅದರಲ್ಲಿ ಜಿಲ್ಲಾಡಳಿತದ ಅಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಮತ್ತು ಒಬ್ಬರು ವಿಕಲಚೇತನರು ಸದಸ್ಯರು. ತಂದೆತಾಯಿ ಅಥವಾ ಸಂಬಂಧಿಕರು ಅರ್ಜಿ ಹಾಕಬೇಕು. ಕೋರ್ಟು ಕಚೇರಿಯ ವರ್ಷಗಳ ಅಲೆದಾಟಕ್ಕೆ ಹೋಲಿಸಿದರೆ ಇದು ಸರಳ. ನೇಮಕವಾದ ಗಾರ್ಡಿಯನ್ ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ದುರುಪಯೋಗ ಮಾಡಿದರೆ ತೆಗೆದುಹಾಕುವ ಅಧಿಕಾರವೂ ಸಮಿತಿಗಿದೆ. ಇದೇ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಯನ್ನೂ ಮಾಡಿಸಿ. ಈ ನಾಲ್ಕು ಬಗೆಯ ವಿಕಲತೆ ಇರುವವರಿಗೆ ವರ್ಷಕ್ಕೆ ₹1 ಲಕ್ಷದವರೆಗೆ, ಮೊದಲೇ ಆರೋಗ್ಯ ತಪಾಸಣೆ ಕೇಳದೆ ಸಿಗುತ್ತದೆ. ಥೆರಪಿ ಖರ್ಚಿಗೂ ಬರುತ್ತದೆ.

ಇಲ್ಲಿ ಒಂದು ವಿಷಯ ನನಗೆ ಬಹಳ ನೋವು ಕೊಡುತ್ತದೆ. ಹಲವು ವರ್ಷಗಳ ಹಿಂದೆ ಕಣ್ಣು ಕಾಣದ ಶಿಕ್ಷಕರೊಬ್ಬರ ಜೊತೆ ಒಂದು ಬ್ಯಾಂಕಿಗೆ ಹೋಗಿದ್ದೆ. ಅಲ್ಲಿಯವರು ನನ್ನ ಕಡೆ ತಿರುಗಿ “ಇವರ ಗಾರ್ಡಿಯನ್ ಯಾರು?” ಅಂತ ಕೇಳಿದರು. ದಿನಾ ಮಕ್ಕಳಿಗೆ ಪಾಠ ಹೇಳುವ ಮನುಷ್ಯನ ಎದುರಿಗೇ! ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಗಾರ್ಡಿಯನ್ ಬೇಕಿಲ್ಲ. ಆಸ್ತಿ ಹೊಂದುವ, ವಾರಸಾಗಿ ಪಡೆಯುವ, ತಮ್ಮ ಹಣವನ್ನು ತಾವೇ ನಡೆಸುವ ಹಕ್ಕು ಅವರಿಗಿದೆ ಅಂತ 2016ರ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ತೀರ್ಮಾನಕ್ಕೆ ನೆರವು ಬೇಕಾದವರಿಗೂ ಅದೇ ಕಾಯ್ದೆಯ 14ನೇ ಸೆಕ್ಷನ್ ಸೀಮಿತ ಪಾಲಕತ್ವವನ್ನೇ ಹೇಳುತ್ತದೆ. ಅಂದರೆ ಆ ವ್ಯಕ್ತಿಯನ್ನು ಕೇಳಿ, ಜೊತೆಗೂಡಿ ತೀರ್ಮಾನ ಮಾಡುವುದು. ಮಾನಸಿಕ ಕಾಯಿಲೆ ಇರುವವರ ಮನೆಯವರಿಗೆ ಮಾತ್ರ ದಾರಿ ಇನ್ನೂ ಕಷ್ಟ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿಷಯಕ್ಕೆ ಪ್ರತಿನಿಧಿಯನ್ನು ನೇಮಿಸಲು ಬಿಡುತ್ತದೆ, ಆಸ್ತಿಯ ನಿರ್ವಹಣೆಗೆ ಅದರಲ್ಲಿ ವ್ಯವಸ್ಥೆಯಿಲ್ಲ. ಕೋರ್ಟಿಗೇ ಹೋಗಬೇಕಾಗುತ್ತದೆ.

ನಮ್ಮ ದಂಪತಿಯ ಅರ್ಜಿ ಸಮಿತಿಯ ಮುಂದೆ ಬಂದ ದಿನ ನಡೆದದ್ದನ್ನು ನಾನು ಮರೆಯುವುದಿಲ್ಲ. ಸಮಿತಿಯಲ್ಲಿದ್ದ ವಿಕಲಚೇತನ ಸದಸ್ಯೆ ನೇರವಾಗಿ ಮಗಳ ಪಕ್ಕ ಬಂದು ಕೂತರು. “ಪುಟ್ಟಿ, ಅಪ್ಪ ಅಮ್ಮ ಊರಿಗೆ ಹೋದಾಗ ನಿಂಗೆ ಯಾರ ಜೊತೆ ಇರೋಕೆ ಇಷ್ಟ?” ಅಂತ ಕೇಳಿದರು. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. “ಸಾಗರದ ಚಿಕ್ಕಮ್ಮ” ಎಂದಳು. ತಂದೆತಾಯಿ ಮುಖ ಮುಖ ನೋಡಿಕೊಂಡರು. ಇಷ್ಟು ತಿಂಗಳ ಓಡಾಟದಲ್ಲಿ ಈ ಪ್ರಶ್ನೆಯನ್ನು ಅವರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹೊರಗೆ ಬಂದ ಮೇಲೆ ಮಗ ನನ್ನ ಹತ್ತಿರ ಮೆಲ್ಲಗೆ ಹೇಳಿದ: “ನನ್ನನ್ನೂ ಯಾರೂ ಕೇಳಿರಲಿಲ್ಲ ಮೇಡಮ್. ನಾನು ಅವಳಿಗೆ ಏನು ಬೇಕಾದ್ರೂ ಮಾಡ್ತೀನಿ. ಆದ್ರೆ ನಾವಿಬ್ರೂ ಕೆಲಸಕ್ಕೆ ಹೋದ್ರೆ ಹಗಲೆಲ್ಲ ಅವಳೊಬ್ಬಳೇ ಫ್ಲ್ಯಾಟಲ್ಲಿ ಇರಬೇಕು.”

ಅಲ್ಲಿಂದ ನಮ್ಮ ಲೆಕ್ಕವೇ ಬದಲಾಯಿತು. ಸದ್ಯ ಅಪ್ಪ ಅಮ್ಮ ಗಾರ್ಡಿಯನ್. ಅವರ ನಂತರ ಚಿಕ್ಕಮ್ಮ ಆಗಲಿ ಎಂಬ ಇಚ್ಛೆಯನ್ನು ವಿಲ್‌ನಲ್ಲಿ ಬರೆದೆವು. ಸಮಿತಿ ಆಗ ಹೊಸದಾಗಿಯೇ ನೇಮಿಸಬೇಕು. ಆದರೂ ತಂದೆತಾಯಿಯ ಬರಹ ಅವರ ಎದುರಿಗೆ ಇರುತ್ತದೆ. ಹಣದ ಜವಾಬ್ದಾರಿ ಮಾತ್ರ ಚಿಕ್ಕಮ್ಮನ ಮೇಲೆ ಹಾಕಲಿಲ್ಲ. ನೋಡಿಕೊಳ್ಳುವ ಕೈಗೂ ಹಣ ಇಟ್ಟುಕೊಳ್ಳುವ ಕೈಗೂ ನಡುವೆ ಸ್ವಲ್ಪ ದೂರ ಇರಬೇಕು ಎಂಬುದು ಇಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತ ಪಾಠ. ಒಬ್ಬರೇ ಎರಡನ್ನೂ ಹಿಡಿದರೆ ಲೆಕ್ಕ ಕೇಳುವವರು ಇರುವುದಿಲ್ಲ. ಒಳ್ಳೆಯವರ ಮೇಲೂ ಸುಮ್ಮಸುಮ್ಮನೆ ಅಪವಾದ ಬರುತ್ತದೆ.

ಹಾಗಾಗಿ ವಿಲ್ ಮೂಲಕವೇ ಒಂದು ಖಾಸಗಿ ಟ್ರಸ್ಟ್ ಬರುವ ಹಾಗೆ ಮಾಡಿದೆವು. 1882ರ ಟ್ರಸ್ಟ್ ಕಾಯ್ದೆಯಡಿ ಇದಕ್ಕೆ ಅವಕಾಶವಿದೆ. ಮನೆ ಟ್ರಸ್ಟಿನದು. ಟ್ರಸ್ಟಿಗಳು ಮೂವರು: ಅಣ್ಣ, ತಂದೆಯ ಕಡೆಯ ಒಬ್ಬ ನೆಂಟರು, ಕುಟುಂಬದ ಸ್ನೇಹಿತರಾದ ಒಬ್ಬ ಆಡಿಟರ್. ಬಾಡಿಗೆ ಟ್ರಸ್ಟಿಗೆ ಬರುತ್ತದೆ, ಅವಳ ಖರ್ಚಿಗೆ ಅಲ್ಲಿಂದ ಹೋಗುತ್ತದೆ. ಅವಳಿಗೆ ಎಷ್ಟು, ಹೇಗೆ ಕೊಡಬೇಕು ಎಂಬ ವಾಕ್ಯವನ್ನು ಪಿಂಚಣಿಯ ಆದಾಯ ಮಿತಿ ಮತ್ತು ತೆರಿಗೆ ಎರಡನ್ನೂ ಮುಂದಿಟ್ಟುಕೊಂಡು ಬರೆಯಬೇಕು. ಟ್ರಸ್ಟ್ ಪತ್ರದ ಒಂದೇ ಪದದಿಂದ ತೆರಿಗೆ ಗರಿಷ್ಠ ದರಕ್ಕೆ ಹೋಗಬಹುದು, ಆದ್ದರಿಂದ ಆಡಿಟರ್ ಪಕ್ಕದಲ್ಲಿರಲಿ.

ಟ್ರಸ್ಟ್ ಬರೆಯುವಾಗ ಒಂದು ಕಹಿ ಪ್ರಶ್ನೆ ಕೇಳಲೇಬೇಕು. ಅವಳ ಕಾಲದ ನಂತರ ಉಳಿದದ್ದು ಯಾರಿಗೆ? ಅವಳ ಔಷಧಿ, ಆಸ್ಪತ್ರೆ ತೀರ್ಮಾನಿಸುವವರಿಗೇ ಎಲ್ಲವೂ ಹೋಗುತ್ತದೆ ಅಂತ ಬರೆಯಬೇಡಿ. ಯಾರ ಮನಸ್ಸನ್ನೂ ನಾನು ಕೆಟ್ಟದು ಎನ್ನುತ್ತಿಲ್ಲ. ಅವಳು ಬೇಗ ಹೋದಷ್ಟೂ ಒಬ್ಬರಿಗೆ ಲಾಭ ಎಂಬಂಥ ಕಾಗದವನ್ನು ಅವಳ ಸುತ್ತ ಇಡುವುದು ಬೇಡ, ಅಷ್ಟೇ. ಈ ಮನೆಯವರು ಉಳಿದದ್ದರಲ್ಲಿ ಅರ್ಧ ಅಣ್ಣನ ಮಕ್ಕಳಿಗೆ, ಅರ್ಧ ವಿಶೇಷ ಮಕ್ಕಳ ಶಾಲೆಯೊಂದಕ್ಕೆ ಅಂತ ಬರೆದರು.

ಎಲ್ಲರಿಗೂ ಟ್ರಸ್ಟ್ ಬೇಕಿಲ್ಲ. ಒಂದು ಸಣ್ಣ ಮನೆ, ಸ್ವಲ್ಪ ಎಫ್‌ಡಿ ಇರುವವರು ಟ್ರಸ್ಟ್ ನಡೆಸುವ ಖರ್ಚಿನಲ್ಲೇ ಸೋತುಹೋಗುತ್ತಾರೆ. ಅವರಿಗೆ ಸರಿಯಾದ ಒಂದು ವಿಲ್ ಸಾಕು. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಆದರೂ ನೋಂದಾಯಿಸಿ ಅಂತಲೇ ನಾನು ಹೇಳುತ್ತೇನೆ. ಇಬ್ಬರು ಸಾಕ್ಷಿಗಳು ಬೇಕು, ಅವರು ಆಸ್ತಿ ಪಡೆಯುವವರಲ್ಲದೆ ಬೇರೆಯವರಾಗಿರಲಿ. ಮುಸ್ಲಿಂ ಕುಟುಂಬಗಳಲ್ಲಿ ವಸೀಯತ್ತಿಗೆ, ಅಂದರೆ ವಿಲ್‌ಗೆ, ಸಾಮಾನ್ಯವಾಗಿ ಮೂರನೇ ಒಂದು ಭಾಗದ ಮಿತಿ ಇರುತ್ತದೆ, ಅವರು ಬದುಕಿರುವಾಗಲೇ ಮಾಡುವ ವ್ಯವಸ್ಥೆಯ ಬಗ್ಗೆ ಯೋಚಿಸುವುದು ಒಳ್ಳೆಯದು. ಇನ್ನೂ ದುಡಿಯುತ್ತಿರುವ ತಂದೆಯರಿಗೆ ನಾನು ಹೇಳುವುದು ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ಹಣ ಸಿಗುವ ವಿಮೆ. ಅದನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿ, ಟ್ರಸ್ಟಿಯ ಹೆಸರನ್ನೂ ಸೂಚಿಸಿ. ಆ ಹಣ ಹೆಂಡತಿ ಮಕ್ಕಳಿಗೇ ಮೀಸಲು, ನಿಮ್ಮ ಸಾಲಗಾರರು ಅದನ್ನು ಮುಟ್ಟುವ ಹಾಗಿಲ್ಲ. ಪಾಲಿಸಿ ಅರ್ಜಿ ತುಂಬುವಾಗಲೇ ಹೇಳಬೇಕು.

ಅಮೆರಿಕದಲ್ಲಿ ಮೊಮ್ಮಕ್ಕಳಿರುವ ಅಜ್ಜ ಅಜ್ಜಿಯರಿಗೂ ಒಂದು ಮಾತು, ಏಕೆಂದರೆ ಅಂಥವರೂ ನನ್ನ ಹತ್ತಿರ ಬರುತ್ತಾರೆ. ಅಲ್ಲಿ ವಿಕಲಚೇತನ ಮೊಮ್ಮಗ ಎಸ್‌ಎಸ್‌ಐ ಎಂಬ ಸರ್ಕಾರಿ ನೆರವು ಪಡೆಯುತ್ತಿದ್ದರೆ, ಅವನ ಹೆಸರಿನಲ್ಲಿ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರ್ ದಾಟುವಂತಿಲ್ಲ. ಮೈಸೂರಿನ ಸೈಟನ್ನು ಪ್ರೀತಿಯಿಂದ ಅವನ ಹೆಸರಿಗೆ ಬರೆದರೆ ಆ ನೆರವು ನಿಲ್ಲಬಹುದು. ಅಲ್ಲಿ ಇದಕ್ಕೆಂದೇ ವಿಶೇಷ ಟ್ರಸ್ಟುಗಳಿವೆ. ಇಲ್ಲಿ ವಿಲ್ ಬರೆಯುವ ಮುಂಚೆ ಮಗನಿಗೆ ಒಂದು ಫೋನ್ ಮಾಡಿ, ಅಲ್ಲಿನ ವಕೀಲರನ್ನು ಕೇಳಲು ಹೇಳಿ.

ಕಾಗದಗಳೆಲ್ಲ ಮುಗಿದ ಮೇಲೆ ನಾನು ಆ ತಾಯಿಗೆ 200 ಪುಟದ ಒಂದು ನೋಟ್‌ಬುಕ್ ಕೊಟ್ಟೆ. ಮಗಳ ಒಂದು ದಿನ ಹೇಗಿರುತ್ತದೆ ಅಂತ ಬರೆಯಿರಿ ಎಂದೆ. ಇದಕ್ಕೆ ಕಾನೂನಿನ ಬಲವಿಲ್ಲ, ಯಾವ ಕಚೇರಿಯೂ ಕೇಳುವುದಿಲ್ಲ. ಆದರೆ ನಾಳೆ ಅವಳ ಜೊತೆ ಇರುವವರಿಗೆ ಅತಿ ಹೆಚ್ಚು ಬೇಕಾಗುವುದು ಇದೇ. ಮೂರು ವಾರ ಬಿಟ್ಟು ತಂದುಕೊಟ್ಟರು. ಒಂದು ಪ್ರತಿ ಚಿಕ್ಕಮ್ಮನಿಗೆ, ಒಂದು ಮಗನಿಗೆ, ಒಂದು ನನ್ನ ಫೈಲಿಗೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಏಳುತ್ತಲೇ, ಏನೂ ತಿನ್ನುವ ಮೊದಲು. ಅನ್ನಕ್ಕೆ ಸಾರು ಕಲಸಿಕೊಡಬಾರದು, ಅವಳೇ ಕಲಸಿಕೊಳ್ಳಬೇಕು. ಶನಿವಾರ ಅಣ್ಣನ ಫೋನು ಬರದಿದ್ದರೆ ರಾತ್ರಿ ಮಲಗುವುದಿಲ್ಲ. ಕುಕ್ಕರ್ ಕೂಗಿದರೆ ಹೆದರುತ್ತಾಳೆ, “ಪುಟ್ಟಿ, ಈಗ ಕೂಗುತ್ತೆ ನೋಡು” ಅಂತ ಮೊದಲೇ ಹೇಳಬೇಕು.